ರಕ್ತಕ್ಕೆ ದಾರಿ ಮಾಡಿದವರು

1943ರ ಮಾರ್ಚ್. ನೆದರ್‌ಲೆಂಡ್ಸ್ ಜರ್ಮನ್ ಸೇನೆಯ ಮುಷ್ಟಿಯಲ್ಲಿತ್ತು. ಕಾಂಪೆನ್ ಎಂಬ ಪುಟ್ಟ ಊರಿನ ಆಸ್ಪತ್ರೆಯಲ್ಲಿ ಮೂವತ್ತೆರಡು ವರ್ಷದ ವೈದ್ಯ ವಿಲ್ಲೆಮ್ ಕೋಲ್ಫ್ ಒಂದು ವಿಚಿತ್ರ ಯಂತ್ರವನ್ನು ಕಟ್ಟಿ ನಿಲ್ಲಿಸಿದ್ದರು. ಮಾಂಸದ ಸಾಸೇಜಿಗೆ ಹೊದಿಕೆಯಾಗಿ ಬಳಸುವ ಸೆಲ್ಲೋಫೇನ್ ಕೊಳವೆಯನ್ನು ಪೀಪಾಯಿಯಷ್ಟು ದೊಡ್ಡ ಉರುಳೆಗೆ ಸುತ್ತಿ, ಆ ಉರುಳೆಯನ್ನು ಉಪ್ಪುನೀರು ತುಂಬಿದ ತೊಟ್ಟಿಯಲ್ಲಿ ತಿರುಗಿಸುವುದು ಅದರ ಕೆಲಸ. ಕೊಳವೆಯೊಳಗೆ ರೋಗಿಯ ರಕ್ತ ಹರಿದರೆ, ಮೂತ್ರದಲ್ಲಿ ಹೋಗಬೇಕಿದ್ದ ಕಲ್ಮಶ ಸೆಲ್ಲೋಫೇನ್ ದಾಟಿ ನೀರಿಗೆ ಇಳಿಯುತ್ತಿತ್ತು. ಇದನ್ನು ಕಟ್ಟಲು ನೆರವಾದವರು ಊರಿನ ಎನಾಮೆಲ್ ಪಾತ್ರೆ ಕಾರ್ಖಾನೆಯ ಹೆಂಡ್ರಿಕ್ ಬೆರ್ಕ್.

ಮೊದಲ ರೋಗಿ 29 ವರ್ಷದ, ಮನೆಗೆಲಸ ಮಾಡಿಕೊಂಡಿದ್ದ ಹೆಣ್ಣುಮಗಳು. ಯಂತ್ರ ಮೋಸ ಮಾಡಲಿಲ್ಲ. ರಕ್ತದ ಯೂರಿಯಾ ಇಳಿಯಿತು, ಮಂಪರು ಸರಿಯಿತು. ಆದರೆ ಮೂತ್ರಪಿಂಡಗಳು ಮತ್ತೆ ಚೇತರಿಸಿಕೊಳ್ಳುವಂತಿರಲಿಲ್ಲ. ಹಾಗಾಗಿ ಮತ್ತೆ ಮತ್ತೆ ಯಂತ್ರಕ್ಕೆ ಜೋಡಿಸಬೇಕಾಯಿತು. ಮೊದಮೊದಲು ಸೂಜಿ ಚುಚ್ಚಿ, ಆಮೇಲೆ ರಕ್ತನಾಳವನ್ನೇ ಕೊಯ್ದು ಕೊಳವೆ ತೂರಿಸಿದರು. ಒಮ್ಮೆ ಕೊಯ್ದು ಕಟ್ಟಿದ ನಾಳ ಮತ್ತೊಮ್ಮೆ ಉಪಯೋಗಕ್ಕೆ ಬರದು. ಹನ್ನೆರಡನೆಯ ಸಲ ಮುಗಿಯುವಷ್ಟರಲ್ಲಿ ಕೊಳವೆ ತೂರಿಸಲು ಅವಳ ಮೈಯಲ್ಲಿ ಜಾಗವೇ ಉಳಿದಿರಲಿಲ್ಲ. ಯಂತ್ರ ಸುಸ್ಥಿತಿಯಲ್ಲೇ ಇತ್ತು, ಅವಳು ತೀರಿಕೊಂಡಳು.

ಡಯಾಲಿಸಿಸ್ ಚರಿತ್ರೆಯನ್ನು ಯಂತ್ರದ ಚರಿತ್ರೆಯೆಂದು ಹೇಳುವುದು ರೂಢಿ. ಕಾಂಪೆನ್‌ನ ಈ ಸಾವನ್ನು ನೋಡಿದರೆ ಆ ರೂಢಿ ಅರ್ಧ ಸತ್ಯ ಎನಿಸುತ್ತದೆ. ರಕ್ತ ಶುದ್ಧ ಮಾಡುವ ಉಪಾಯ ಬೇಗನೆ ಸಿಕ್ಕಿತು. ಆ ರಕ್ತವನ್ನು ಮೈಯಿಂದ ಹೊರಗೆ ತಂದು, ಮತ್ತೆ ಒಳಗೆ ಬಿಟ್ಟು, ನಾಡಿದ್ದು ಅದೇ ಕೆಲಸವನ್ನು ಅದೇ ಮೈಯಲ್ಲಿ ಮಾಡುವುದು ಹೇಗೆ ಎಂಬುದಕ್ಕೆ ಉತ್ತರ ಸಿಗಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ಉತ್ತರ ಸಿಕ್ಕ ಮೇಲೂ ತೊಂದರೆ ತಪ್ಪಲಿಲ್ಲ. ತೆರೆದ ದಾರಿ ಕಿರಿದಾಗುತ್ತದೆ, ಹೆಪ್ಪುಗಟ್ಟಿ ಮುಚ್ಚಿಕೊಳ್ಳುತ್ತದೆ. ಅದನ್ನು ಬಿಡಿಸುವುದೇ ವೈದ್ಯಕೀಯದಲ್ಲಿ ಬೇರೊಂದು ಕಸುಬಾಗಿ ಬೆಳೆದಿದೆ.

ಕೋಲ್ಫ್‌ಗಿಂತ ಮೊದಲೂ, ಆಮೇಲೂ ಈ ಗೋಡೆಗೆ ತಲೆ ಚಚ್ಚಿಕೊಂಡವರಿದ್ದರು. ಜರ್ಮನಿಯ ಗೀಸೆನ್‌ನಲ್ಲಿ ಗೇಯೋರ್ಗ್ ಹಾಸ್ 1924ರಲ್ಲಿ ಮೊಟ್ಟಮೊದಲ ಬಾರಿಗೆ ಮನುಷ್ಯನ ಮೇಲೆ ಡಯಾಲಿಸಿಸ್ ಮಾಡಿದರು. ನಡೆದದ್ದು ಹದಿನೈದೇ ನಿಮಿಷ. ರಕ್ತ ಹೆಪ್ಪುಗಟ್ಟದಂತೆ ಅವರು ಬಳಸಿದ್ದು ಜಿಗಣೆಯಿಂದ ತೆಗೆದ ಹಿರುಡಿನ್. ಹೆಪಾರಿನ್ ಕೈಗೆ ಬಂದದ್ದು ಆಮೇಲೆ. ಸ್ವೀಡನ್ನಿನ ಲುಂಡ್‌ನಲ್ಲಿ ನಿಲ್ಸ್ ಆಲ್ವಾಲ್ 1940ರ ದಶಕದ ಕೊನೆಯಲ್ಲಿ ಒಂದು ಅಪಧಮನಿ ಮತ್ತು ಒಂದು ಅಭಿಧಮನಿಯ ನಡುವೆ ಗಾಜು ಮತ್ತು ರಬ್ಬರಿನ ಕೊಳವೆಯನ್ನು ಶಾಶ್ವತವಾಗಿ ಬಿಟ್ಟುಬಿಡಲು ನೋಡಿದರು. ಮೊಲಗಳಲ್ಲಿ ಭರವಸೆ ಹುಟ್ಟಿಸಿದ ಆ ಉಪಾಯ ಮನುಷ್ಯರಲ್ಲಿ ನಿಲ್ಲಲಿಲ್ಲ. ಗಾಜು, ರಬ್ಬರು ಎರಡೂ ರಕ್ತವನ್ನು ಹೆಪ್ಪುಗಟ್ಟಿಸುತ್ತಿದ್ದವು, ಮೇಲಿಂದ ಸೋಂಕು. ಯೋಚನೆ ಸರಿಯಿತ್ತು, ತಕ್ಕ ಸಾಮಗ್ರಿ ಇನ್ನೂ ಬಂದಿರಲಿಲ್ಲ.

ಸಾಮಗ್ರಿ ಸಿಕ್ಕಿದ್ದು ಅಮೆರಿಕದ ಸಿಯಾಟಲ್‌ನಲ್ಲಿ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಬೆಲ್ಡಿಂಗ್ ಸ್ಕ್ರಿಬ್ನರ್ ಒಬ್ಬ ರೋಗಿಗೆ ಡಯಾಲಿಸಿಸ್ ಮಾಡಿ ಎಚ್ಚರ ತರಿಸಿದ್ದರು. ತಾತ್ಕಾಲಿಕ ವೈಫಲ್ಯ ಇರಬಹುದು ಎಂದುಕೊಂಡಿದ್ದು ಕೊನೆಗೆ ಶಾಶ್ವತ ಎಂದು ತಿಳಿಯಿತು. ನಾಳಗಳನ್ನು ಎಷ್ಟು ದಿನ ಕೊಯ್ಯುತ್ತಾ ಹೋಗುವುದು? ಮನೆಯವರನ್ನು ಕರೆದು, ಇನ್ನು ಮಾಡುವಂಥದ್ದೇನೂ ಇಲ್ಲ ಎಂದು ಹೇಳಿ ಕಳಿಸಬೇಕಾಯಿತು. ಆ ಸಾವು ಸ್ಕ್ರಿಬ್ನರ್ ಅವರನ್ನು ಕಾಡಿತು. ಒಂದು ರಾತ್ರಿ ನಿದ್ದೆಯಿಂದೆದ್ದು ಅವರು ಬರೆದಿಟ್ಟುಕೊಂಡ ಉಪಾಯ ಇದು: ಅಪಧಮನಿಗೊಂದು, ಅಭಿಧಮನಿಗೊಂದು ಕೊಳವೆ ಕೂಡಿಸಿಬಿಡುವುದು. ಡಯಾಲಿಸಿಸ್ ಇಲ್ಲದ ದಿನ ಅವೆರಡರ ತುದಿಗಳನ್ನು ಚರ್ಮದ ಹೊರಗೆ ಒಂದಕ್ಕೊಂದು ಜೋಡಿಸಿಡುವುದು. ರಕ್ತ ಹರಿಯುತ್ತಲೇ ಇರುತ್ತದೆ, ಆದ್ದರಿಂದ ಹೆಪ್ಪುಗಟ್ಟುವುದಿಲ್ಲ.

ಕೊಳವೆಗೆ ಟೆಫ್ಲಾನ್ ಬಳಸಬಹುದೆಂದು ಹೇಳಿದವರು ಒಬ್ಬ ಶಸ್ತ್ರವೈದ್ಯ ಸಹೋದ್ಯೋಗಿ. ಅದು ಡ್ಯುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ 1938ರಲ್ಲಿ ಆಕಸ್ಮಿಕವಾಗಿ ಕಂಡುಕೊಂಡಿದ್ದ, ಯಾವುದೂ ಅಂಟದ ಪದಾರ್ಥ. ಆಸ್ಪತ್ರೆಯ ಉಪಕರಣ ವಿಭಾಗದ ವೇಯ್ನ್ ಕ್ವಿಂಟನ್ ಅದನ್ನು ಬಿಸಿ ಮಾಡಿ ಬಾಗಿಸಿ ಕೊಳವೆಗೆ ರೂಪ ಕೊಟ್ಟರು. 1960ರ ಮಾರ್ಚ್ 9ರಂದು ಶಸ್ತ್ರವೈದ್ಯ ಡೇವಿಡ್ ಡಿಲ್ಲಾರ್ಡ್ ಅದನ್ನು ಕ್ಲೈಡ್ ಶೀಲ್ಡ್ಸ್ ಎಂಬವರ ಮುಂಗೈಗೆ ಕೂರಿಸಿದರು. ಬೋಯಿಂಗ್ ಕಾರ್ಖಾನೆಯಲ್ಲಿ ಯಂತ್ರಗಳ ಮೇಲೆ ದುಡಿಯುತ್ತಿದ್ದ ಶೀಲ್ಡ್ಸ್‌ಗೆ ಆಗ 39. ವಾರದೊಳಗೆ ಹೋಗಬಹುದಾಗಿದ್ದ ಜೀವ ಮುಂದೆ ಹನ್ನೊಂದು ವರ್ಷ ಬದುಕಿತು. 1971ರಲ್ಲಿ ಅವರು ತೀರಿಕೊಂಡದ್ದು ಹೃದಯಾಘಾತದಿಂದ.

‘ಷಂಟ್’ ಎಂದು ಹೆಸರಾದ ಈ ಕೊಳವೆಜೋಡಿ ಕಟ್ಟಿಕೊಂಡು ಬದುಕುವುದು ಹೇಗಿತ್ತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮುಂಗೈಯ ಎರಡು ತೂತಿನಿಂದ ಎರಡು ಕೊಳವೆ ಹೊರಬಂದು ಚರ್ಮದ ಮೇಲೆ ಕೂಡುತ್ತವೆ. ಅದರ ಮೇಲೊಂದು ಬ್ಯಾಂಡೇಜು. ಆ ಬ್ಯಾಂಡೇಜಿಗೆ ಸದಾ ಎರಡು ಸಣ್ಣ ಲೋಹದ ಕ್ಲಿಪ್ಪು ಸಿಕ್ಕಿಸಿರಬೇಕು. ನಿದ್ದೆಯಲ್ಲೋ ಬಸ್ಸಿನ ನೂಕುನುಗ್ಗಲಿನಲ್ಲೋ ಜೋಡಣೆ ಕಳಚಿದರೆ ಎರಡೂ ತುದಿಯನ್ನು ಕ್ಷಣದಲ್ಲಿ ಅದುಮಿ ಹಿಡಿಯದಿದ್ದರೆ ಅಪಧಮನಿಯ ರಕ್ತ ಚಿಮ್ಮಿ ಹೋಗುತ್ತದೆ. 1962ರಲ್ಲಿ ಕ್ವಿಂಟನ್ ಟೆಫ್ಲಾನ್ ತುದಿಗೆ ಮೆತ್ತನೆಯ ಸಿಲಿಕೋನ್ ರಬ್ಬರಿನ ಕೊಳವೆ ಜೋಡಿಸಿದ ಮೇಲೆ ಕೈ ಆಡಿಸುವುದು ಸಲೀಸಾಯಿತು. ರೋಗಿಗಳು ದಿನಕ್ಕೆ ಹಲವು ಸಲ ಬ್ಯಾಂಡೇಜು ಸರಿಸಿ ಕೊಳವೆ ಮುಟ್ಟಿ ನೋಡುತ್ತಿದ್ದರು. ಬೆಚ್ಚಗಿದ್ದರೆ ರಕ್ತ ಓಡುತ್ತಿದೆ. ತಣ್ಣಗಾಗಿ, ಒಳಗೆ ಕೆಂಪು ಒಂದು ಕಡೆ, ತಿಳಿ ಹಳದಿ ನೀರು ಇನ್ನೊಂದು ಕಡೆ ಬೇರೆ ಬೇರೆಯಾಗಿ ಕಂಡರೆ ಹೆಪ್ಪುಗಟ್ಟಿದೆ ಎಂದರ್ಥ. ಆಗ ಆಸ್ಪತ್ರೆಗೆ ಓಡಬೇಕು. ಸಿರಿಂಜಿನಿಂದ ಎಳೆದು ಹೆಪ್ಪು ತೆಗೆಯಲು ಸಿಬ್ಬಂದಿ ಹೆಣಗುತ್ತಿದ್ದರು. ತೆಗೆದರೂ ಅಭಿಧಮನಿಯ ಕಡೆ ನಾಳದ ಬಾಯಿ ದಿನೇ ದಿನೇ ಕಿರಿದಾಗುತ್ತಿತ್ತು. ಕೆಲವೇ ತಿಂಗಳಿಗೆ ಹೊಸ ಜಾಗ ಹುಡುಕಬೇಕು, ಮುಂಗೈಯಿಂದ ಮೇಲಕ್ಕೆ, ಆಮೇಲೆ ಕಾಲಿಗೆ. ಕಾಂಪೆನ್‌ನ ಹೆಣ್ಣುಮಗಳಿಗೆ ವಾರಗಳಲ್ಲಿ ಎದುರಾದದ್ದು ಇವರಿಗೆ ವರ್ಷಗಳಲ್ಲಿ ಎದುರಾಗುತ್ತಿತ್ತು.

ಇದೇ ಕಾಲದ ಸಿಯಾಟಲ್‌ನ ಇನ್ನೊಂದು ಕಥೆ ಹೆಚ್ಚು ಪ್ರಸಿದ್ಧ. 1962ರಲ್ಲಿ ತೆರೆದ ಡಯಾಲಿಸಿಸ್ ಕೇಂದ್ರದಲ್ಲಿ ಹಾಸಿಗೆಗಳು ಬೆರಳೆಣಿಕೆಯಷ್ಟು. ಯಾರಿಗೆ ಕೊಡಬೇಕೆಂದು ಊರಿನ ಸಾಮಾನ್ಯ ಜನರ ಸಮಿತಿಯೊಂದು ಕೂತು ತೀರ್ಮಾನಿಸುತ್ತಿತ್ತು. ಲೈಫ್ ಪತ್ರಿಕೆ ಅದನ್ನು ಬರೆದು ಅಮೆರಿಕವನ್ನೇ ಬೆಚ್ಚಿಬೀಳಿಸಿತು. ಅದರ ವಿವರಕ್ಕೆ ಇಲ್ಲಿ ಜಾಗವಿಲ್ಲ.

ಷಂಟ್ ಬಾಳಿಕೆ ಬರುವಂಥದ್ದಲ್ಲ ಎಂದು ಮೊದಲೇ ಮನಗಂಡವರು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿದ್ದ ಜೇಮ್ಸ್ ಸಿಮಿನೋ. ವಿದ್ಯಾರ್ಥಿ ದೆಸೆಯಲ್ಲಿ ಅವರು ಬೆಲ್‌ವ್ಯೂ ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಕೆಲಸ ಮಾಡಿದ್ದರು. ತೋಳಿಗೆ ರಕ್ತದೊತ್ತಡದ ಪಟ್ಟಿ ಕಟ್ಟಿ ಉಬ್ಬಿಸಿದರೆ ನಾಳ ತುಂಬಿ ರಕ್ತ ಸಲೀಸಾಗಿ ಬರುತ್ತದೆ ಎಂಬುದು ಆ ದಿನಗಳ ಅನುಭವ. ಮೈಕೆಲ್ ಬ್ರೆಷಿಯಾ ಜೊತೆ ಸೇರಿ ಅದೇ ವಿಧಾನದಲ್ಲಿ, ಬರಿಯ ಸೂಜಿ ಚುಚ್ಚಿ ಡಯಾಲಿಸಿಸ್ ಮಾಡಿ 1962ರಲ್ಲಿ ಲೇಖನವನ್ನೂ ಬರೆದರು. ಆದರೆ ರೋಗಿಗಳ ನಾಳ ಸಣ್ಣ, ರಕ್ತದೊತ್ತಡ ಕಡಿಮೆ. ಎಲ್ಲರಿಗೂ ಅದು ಆಗದು. ಅಭಿಧಮನಿಯೇ ದಪ್ಪವಾಗಿ, ಅದರಲ್ಲಿ ಅಪಧಮನಿಯಷ್ಟೇ ರಭಸದ ರಕ್ತ ಹರಿದರೆ?

ಅಂಥ ನಾಳ ಪ್ರಕೃತಿಯಲ್ಲಿ ಆಕಸ್ಮಿಕವಾಗಿ ಉಂಟಾಗುವುದು ವೈದ್ಯರಿಗೆ ಇನ್ನೂರು ವರ್ಷದಿಂದ ಗೊತ್ತಿತ್ತು. ಲಂಡನ್ನಿನ ವಿಲಿಯಂ ಹಂಟರ್ 1757ರಲ್ಲಿ ಅದನ್ನು ಬಣ್ಣಿಸಿದ್ದರು. ಎಲ್ಲ ಕಾಯಿಲೆಗೂ ರಕ್ತ ಹರಿಸುತ್ತಿದ್ದ ಕಾಲ ಅದು. ಮೊಣಕೈ ಸಂದಿಯಲ್ಲಿ ಅಭಿಧಮನಿ ಕೊಯ್ಯುವವನ ಕೈ ಸ್ವಲ್ಪ ಆಳಕ್ಕೆ ಇಳಿದು ಕೆಳಗಿನ ಅಪಧಮನಿಗೂ ತೂತು ಬಿದ್ದರೆ, ಗಾಯ ಮಾಯುವಾಗ ಎರಡೂ ಕೂಡಿಕೊಳ್ಳುತ್ತಿದ್ದವು. ಮೇಲಿನ ನಾಳ ಉಬ್ಬುತ್ತಿತ್ತು, ಬೆರಳಿಟ್ಟರೆ ಜುಮ್ಮೆಂದು ಕಂಪಿಸುತ್ತಿತ್ತು, ಕಿವಿಯಿಟ್ಟರೆ ಸುಯ್ಯೆಂಬ ಸದ್ದು. ಯುದ್ಧದಲ್ಲಿ ಗುಂಡು ತಗುಲಿದವರಲ್ಲೂ ಶಸ್ತ್ರವೈದ್ಯರು ಅದನ್ನು ಕಂಡಿದ್ದರು. ಎರಡು ಶತಮಾನ ಅದನ್ನು ಕೆಟ್ಟ ಕೊಯ್ತದ ಫಲವೆಂದೇ ಎಣಿಸಿದ್ದರು. ಬ್ರಾಂಕ್ಸ್‌ನವರು ಅದನ್ನೇ ಬೇಕೆಂದು ಮಾಡಿದರು.

1965ರ ಫೆಬ್ರುವರಿ 19ರಂದು ಶಸ್ತ್ರವೈದ್ಯ ಕೆನೆತ್ ಆಪೆಲ್ ಮಣಿಕಟ್ಟಿನ ಬಳಿ ಅಪಧಮನಿ ಮತ್ತು ಅಭಿಧಮನಿ ಎರಡರ ಪಕ್ಕಗಳಿಗೂ ಮೂರರಿಂದ ಐದು ಮಿಲಿಮೀಟರಿನ ಸೀಳು ಹಾಕಿ, ಸೀಳಿಗೆ ಸೀಳು ಹೊಂದಿಸಿ ರೇಷ್ಮೆ ದಾರದಿಂದ ಹೊಲಿದರು. ರಕ್ತನಾಳ ಹೊಲಿಯುವ ವಿದ್ಯೆ ಹೊಸದೇನಲ್ಲ. ಫ್ರಾನ್ಸಿನ ಅಲೆಕ್ಸಿಸ್ ಕ್ಯಾರೆಲ್ ಅದನ್ನು 1902ರಲ್ಲೇ ಪ್ರಕಟಿಸಿ, 1912ರಲ್ಲಿ ನೊಬೆಲ್ ಪಡೆದಿದ್ದರು. ಅದಕ್ಕಾಗಿ ಕ್ಯಾರೆಲ್ ಲಿಯೋನ್ ನಗರದ ಕಸೂತಿ ಕಲಾವಿದೆಯೊಬ್ಬರ ಬಳಿ ಸೂಜಿಕೆಲಸ ಕಲಿತಿದ್ದರಂತೆ. ಬ್ರೆಷಿಯಾ, ಸಿಮಿನೋ, ಆಪೆಲ್, ಹರ್ವಿಚ್ ನಾಲ್ವರ ಲೇಖನ 1966ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಕರ್ನಾಟಕದ ಯಾವುದೇ ಡಯಾಲಿಸಿಸ್ ಘಟಕಕ್ಕೆ ಹೋಗಿ ನೋಡಿ, ಎಡ ಮುಂಗೈಯಲ್ಲಿ ಹಗ್ಗದಂತೆ ಉಬ್ಬಿದ ನಾಳ ಹೊತ್ತು ಕೂತವರು ಕಾಣುತ್ತಾರೆ. ಅವರೆಲ್ಲ ‘ಫಿಸ್ಟುಲಾ’ ಎನ್ನುವುದು ಇದನ್ನೇ. ಅರವತ್ತು ವರ್ಷ ಕಳೆದರೂ ಇದಕ್ಕಿಂತ ಒಳ್ಳೆಯದನ್ನು ಯಾರೂ ಕಂಡುಹಿಡಿದಿಲ್ಲ. ಸಿಮಿನೋ ಮುಂದೆ ಬ್ರಾಂಕ್ಸ್‌ನ ಕ್ಯಾಲ್ವರಿ ಆಸ್ಪತ್ರೆಯಲ್ಲಿ, ಕೊನೆಗಾಲದ ರೋಗಿಗಳ ಆರೈಕೆಯಲ್ಲಿ ತೊಡಗಿಕೊಂಡರು.

ಫಿಸ್ಟುಲಾದ ಬಲ, ದೌರ್ಬಲ್ಯ ಎರಡೂ ಒಂದೇ ಕಡೆ ಇವೆ. ಮಣಿಕಟ್ಟಿನ ಅಪಧಮನಿಯಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 20–30 ಮಿ.ಲೀ. ರಕ್ತ ಹರಿಯುತ್ತದೆ. ಅಭಿಧಮನಿಗೆ ಜೋಡಿಸಿದೊಡನೆ ಅದು ಹತ್ತು ಪಟ್ಟಾಗುತ್ತದೆ. ಆರು ವಾರ ಕಳೆದು ಫಿಸ್ಟುಲಾ ಬಲಿತ ಮೇಲೆ 600 ಮಿ.ಲೀ. ದಾಟಬೇಕು, ನಾಳದ ಅಗಲ 6 ಮಿ.ಮೀ. ಇರಬೇಕು ಎಂದು ವೈದ್ಯರು ಲೆಕ್ಕ ಇಟ್ಟುಕೊಂಡಿದ್ದಾರೆ. ಹೊಲಕ್ಕೆ ನೀರುಣಿಸಲು ತೋಡಿದ ಮಣ್ಣುಗಾಲುವೆಗೆ ಅಣೆಕಟ್ಟಿನ ತೂಬನ್ನೇ ತೆರೆದುಬಿಟ್ಟರೆ ಆಗುವುದೇ ಇಲ್ಲಿಯೂ ಆಗುತ್ತದೆ. ಅಭಿಧಮನಿಯ ಗೋಡೆ ಈ ರಭಸಕ್ಕೆಂದು ಆದದ್ದಲ್ಲ. ಹೊಲಿಗೆಯ ಬಳಿ, ನಾಳ ತಿರುವು ತೆಗೆದುಕೊಳ್ಳುವಲ್ಲಿ, ಸೂಜಿ ಪದೇ ಪದೇ ಚುಚ್ಚುವಲ್ಲಿ ಒಳಪದರ ಕೆರಳಿ, ಸ್ನಾಯುಕೋಶಗಳು ಬೆಳೆದು, ದಾರಿ ಒಳಗಿನಿಂದಲೇ ಕಿರಿದಾಗುತ್ತದೆ. ಹರಿವು ಕುಗ್ಗುತ್ತದೆ, ಒಂದು ದಿನ ಹೆಪ್ಪುಗಟ್ಟಿ ನಿಂತೇ ಹೋಗುತ್ತದೆ. ನಾಳ ತೀರಾ ಸಣ್ಣಗಿರುವವರಿಗೆ 1970ರ ದಶಕದಿಂದ ಕೃತಕ ನಾಳ, ಅಂದರೆ ಗ್ರಾಫ್ಟ್ ಹಾಕತೊಡಗಿದರು. ಅದರ ಸಾಮಗ್ರಿಯೂ ಟೆಫ್ಲಾನೇ, ಹಿಗ್ಗಿಸಿ ಸೂಕ್ಷ್ಮ ರಂಧ್ರ ಬರಿಸಿದ ಟೆಫ್ಲಾನ್. ಅದು ಅಭಿಧಮನಿಗೆ ಕೂಡುವ ಜಾಗದಲ್ಲಿ ಕಿರಿದಾಗುವುದು ಫಿಸ್ಟುಲಾಗಿಂತಲೂ ಬೇಗ.

ಹಾಗಿದ್ದರೆ ಮುಚ್ಚಿದ್ದನ್ನು ತೆರೆಯುವುದು ಹೇಗೆ? ಮೊದಲಿಗೆ ಗೊತ್ತಿದ್ದದ್ದು ಕತ್ತಿಯೊಂದೇ: ಕೊಯ್ದು ಹೆಪ್ಪು ತೆಗೆ, ಇಲ್ಲವೇ ಇನ್ನೂ ಮೇಲೆ ಹೊಸದಾಗಿ ಜೋಡಿಸು. ಹೆಪ್ಪು ತೆಗೆಯುವ ಕೆಲಸ ಹಗುರಾದದ್ದು ಥಾಮಸ್ ಫೋಗರ್ಟಿಯಿಂದ. ಸಿನ್ಸಿನಾಟಿಯ ಆಸ್ಪತ್ರೆಯಲ್ಲಿ ಹುಡುಗನಾಗಿದ್ದಾಗಲೇ ಕೆಲಸಕ್ಕೆ ಸೇರಿದ್ದ ಅವರು ಶಸ್ತ್ರವೈದ್ಯರ ಕೈಗವಸಿನ ಬೆರಳ ತುದಿ ಕತ್ತರಿಸಿ, ಕ್ಯಾತಿಟರ್ ಎಂಬ ಸಪೂರ ಕೊಳವೆಯ ತುದಿಗೆ ಮೀನಿನ ಗಾಳಕ್ಕೆ ಹಾಕುವ ಗಂಟಿನಿಂದ ಬಿಗಿದು ಪುಟ್ಟ ಬಲೂನು ಮಾಡಿದರು. ಸಣ್ಣ ಸೀಳಿನಿಂದ ಅದನ್ನು ಹೆಪ್ಪಿನಾಚೆಗೆ ತೂರಿಸಿ, ಉಬ್ಬಿಸಿ, ಹಿಂದಕ್ಕೆಳೆದರೆ ಹೆಪ್ಪು ಇಡಿಯಾಗಿ ಹೊರಬರುತ್ತದೆ. 1963ರಲ್ಲಿ ಪ್ರಕಟವಾದ ಈ ಸಾಧನ ಈಗಲೂ ಬಳಕೆಯಲ್ಲಿದೆ. ಆದರೆ ಹೆಪ್ಪಿಗೆ ಕಾರಣವಾದ ಇಕ್ಕಟ್ಟನ್ನು ಅದು ಮುಟ್ಟುವುದಿಲ್ಲ.

ಆ ಇಕ್ಕಟ್ಟಿಗೆ ಮದ್ದು ಸಿಕ್ಕಿದ್ದು ಸಿಯಾಟಲ್‌ಗೆ ಕೆಲವೇ ಗಂಟೆಯ ದಾರಿಯ ಪೋರ್ಟ್‌ಲೆಂಡ್‌ನಲ್ಲಿ. ರೇಡಿಯಾಲಜಿ ವೈದ್ಯ ಚಾರ್ಲ್ಸ್ ಡಾಟರ್ 1964ರ ಜನವರಿ 16ರಂದು, ಕಾಲು ಕತ್ತರಿಸಲು ಒಪ್ಪದ 82 ವರ್ಷದ ಅಜ್ಜಿಯೊಬ್ಬರ ತೊಡೆಯ ನಾಳಕ್ಕೆ ಒಂದಕ್ಕಿಂತ ಒಂದು ದಪ್ಪನೆಯ ಕ್ಯಾತಿಟರ್ ತೂರಿಸಿ ಇಕ್ಕಟ್ಟನ್ನು ಬಿಡಿಸಿದರು. ಕಾಲು ಉಳಿಯಿತು. ಶಸ್ತ್ರವೈದ್ಯರಿಗೆ ಮಾತ್ರ ಇದು ಅಧಿಕಪ್ರಸಂಗವಾಗಿ ಕಂಡಿತು. ಚಿತ್ರ ತೆಗೆದುಕೊಡಿ, ರಿಪೇರಿಗೆ ಕೈಹಾಕಬೇಡಿ ಎಂದು ಚೀಟಿಯಲ್ಲಿ ಬರೆದು ಕಳಿಸಿದವರೂ ಇದ್ದರು. ಈ ‘ಹುಚ್ಚು ಚಾರ್ಲಿ’ಯ ಉಪಾಯವನ್ನು ಜ್ಯೂರಿಕ್‌ನ ಆಂಡ್ರಿಯಾಸ್ ಗ್ರುಂಟ್‌ಜಿಗ್ ತಮ್ಮ ಮನೆಯ ಅಡುಗೆಮನೆಯಲ್ಲಿ ಕೂತು ತಿದ್ದಿದರು. ಹಿಗ್ಗಿದರೂ ಅಳತೆ ಮೀರದ ಬಲೂನನ್ನು ಕ್ಯಾತಿಟರಿಗೆ ಕಟ್ಟಿದರು. 1974ರಲ್ಲಿ ಕಾಲಿನ ನಾಳ, 1977ರ ಸೆಪ್ಟೆಂಬರಿನಲ್ಲಿ ಹೃದಯದ ನಾಳ. ಹೃದಯದ ಆಂಜಿಯೋಪ್ಲಾಸ್ಟಿ ಮನೆಮಾತಾಯಿತು. 1980ರ ದಶಕದ ಆರಂಭದಲ್ಲಿ ಅದೇ ಬಲೂನು ಡಯಾಲಿಸಿಸ್ ರೋಗಿಗಳ ಕೈಗೆ ಬಂದಾಗ ಯಾರೂ ಅಷ್ಟಾಗಿ ಗಮನಿಸಲಿಲ್ಲ.

ಕೈಯ ನಾಳ ಹೃದಯದ ನಾಳಕ್ಕಿಂತ ಹಟಮಾರಿ. ಎಕ್ಸ್-ರೇ ಪರದೆಯ ಮೇಲೆ ನೋಡಿದರೆ, ಎಕ್ಸ್-ರೇಗೆ ಕಾಣುವ ದ್ರವ ತುಂಬಿದ ಬಲೂನು ಎರಡೂ ಕಡೆ ಉಬ್ಬಿ ನಡುವೆ ಸೊಂಟ ಕಟ್ಟಿದಂತೆ ಬಿಗಿದುಕೊಂಡಿರುತ್ತದೆ. ಒತ್ತಡ ಏರಿಸುತ್ತಾ ಹೋಗಬೇಕು. ಹೃದಯದಲ್ಲಿ ಹತ್ತು-ಹನ್ನೆರಡು ವಾಯುಭಾರಕ್ಕೆ ಮುಗಿಯಬಹುದಾದದ್ದು ಇಲ್ಲಿ ಇಪ್ಪತ್ತನ್ನೂ ದಾಟುವುದುಂಟು. ರೋಗಿ ಎಚ್ಚರವಾಗಿಯೇ ಇರುತ್ತಾನೆ, ನೋವಿಗೆ ಹಲ್ಲು ಕಚ್ಚುತ್ತಾನೆ. ಕೊನೆಗೆ ಆ ಸೊಂಟ ಥಟ್ಟನೆ ಮಾಯವಾಗಿ ಬಲೂನು ನೆಟ್ಟಗಾಗುತ್ತದೆ. ಬಲೂನು ಇಳಿಸಿ ಚರ್ಮದ ಮೇಲೆ ಬೆರಳಿಟ್ಟರೆ ನಿಂತುಹೋಗಿದ್ದ ಕಂಪನ ವಾಪಸು. ಅಂದೇ ಮನೆಗೆ ಹೋಗಬಹುದು. ಹೆಪ್ಪುಗಟ್ಟಿದ್ದರೆ ಕರಗಿಸುವ ಔಷಧಿಯನ್ನು ನಾಳದೊಳಗೇ ಚಿಮ್ಮಿಸುವ ವಿಧಾನವೂ 1980ರ ದಶಕದ ಕೊನೆಗೆ ಬಂತು.

ಬಲೂನು ಬಿಡಿಸಿದ್ದು ಬಿಟ್ಟೇ ಇರುತ್ತದೆ ಎಂದೇನಿಲ್ಲ. ಹಿಗ್ಗಿಸುವುದೂ ನಾಳಕ್ಕೆ ಒಂದು ಗಾಯವೇ. ಅದು ಮಾಯುವಾಗ ಮತ್ತೆ ಕಿರಿದಾಗುತ್ತದೆ. ಗ್ರಾಫ್ಟುಗಳ ವಿಷಯದಲ್ಲಿ 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬರೀ ಬಲೂನು ಹಾಕಿದವರ ಪೈಕಿ ಆರು ತಿಂಗಳ ನಂತರ ಶೇ 23ರಷ್ಟು ಮಂದಿಯ ದಾರಿ ಮಾತ್ರ ತೆರೆದಿತ್ತು. ಬಟ್ಟೆಯಂಥ ಹೊದಿಕೆಯಿರುವ ಸ್ಟೆಂಟ್ ಹಾಕಿದವರಲ್ಲಿ ಶೇ 51. ಫಿಸ್ಟುಲಾಗಳಿಗೆ ಔಷಧಿ ಸವರಿದ ಬಲೂನಿನ ಪ್ರಯೋಗ 2020ರಲ್ಲಿ ಬಂತು. ಇಲ್ಲಿ ಆರು ತಿಂಗಳಿಗೆ ಶೇ 82.2, ಸಾದಾ ಬಲೂನಿನಲ್ಲಿ ಶೇ 59.5. ಆ ಔಷಧಿ ಪ್ಯಾಕ್ಲಿಟ್ಯಾಕ್ಸೆಲ್, ಮೂಲತಃ ಕ್ಯಾನ್ಸರ್ ಮದ್ದು. ಅದು ಬಂದದ್ದು ಒಂದು ಮರದ ತೊಗಟೆಯಿಂದ. ಆ ತೊಗಟೆಯನ್ನು ಅಮೆರಿಕದ ಸಸ್ಯವಿಜ್ಞಾನಿಯೊಬ್ಬರು 1962ರಲ್ಲಿ ಕಿತ್ತು ತಂದದ್ದು ಸಿಯಾಟಲ್ ಇರುವ ಅದೇ ವಾಷಿಂಗ್ಟನ್ ರಾಜ್ಯದ ಕಾಡಿನಿಂದ. ಅದರೊಳಗಿನ ರಾಸಾಯನಿಕವನ್ನು ಬೇರ್ಪಡಿಸಿದ ಇಬ್ಬರಲ್ಲಿ ಒಬ್ಬರು ಮಹಾರಾಷ್ಟ್ರದಲ್ಲಿ ಹುಟ್ಟಿದ ಮನಸುಖ್ ವಾಣಿ.

ಈ ಚರಿತ್ರೆಯಲ್ಲಿ ವೈದ್ಯಕೀಯ ತಾನೇ ತಂದುಕೊಂಡ ಅಡಚಣೆಯೂ ಒಂದಿದೆ. ಫಿಸ್ಟುಲಾ ಬಲಿಯುವವರೆಗೆ ಕಾಯಲಾಗದವರಿಗೆಂದು 1970, 80ರ ದಶಕಗಳಲ್ಲಿ ಕೊರಳೆಲುಬಿನ ಕೆಳಗಿನ ದೊಡ್ಡ ಅಭಿಧಮನಿಗೆ ಕ್ಯಾತಿಟರ್ ಹಾಕುವುದು ಜನಪ್ರಿಯವಾಯಿತು. ಸುಲಭ, ರೋಗಿಗೂ ಆರಾಮ. ಕೆಲವು ವರ್ಷಗಳ ಮೇಲೆ ಗೊತ್ತಾಯಿತು, ಹಾಗೆ ಹಾಕಿದವರಲ್ಲಿ ಬಹಳ ಮಂದಿಗೆ ಎದೆಯ ಆ ಹೆದ್ದಾರಿಯೇ ಕಿರಿದಾಗಿತ್ತು. ಆ ಕೈಯಲ್ಲಿ ಎಷ್ಟೇ ಚೆಂದದ ಫಿಸ್ಟುಲಾ ಮಾಡಿದರೂ ರಕ್ತ ಮುಂದಕ್ಕೆ ಹೋಗದೆ ಕೈ ಬಾತುಕೊಳ್ಳುತ್ತಿತ್ತು. ಈಗ ಕುತ್ತಿಗೆಯ ನಾಳಕ್ಕೇ ಆದ್ಯತೆ. 1997ರಲ್ಲಿ ಅಮೆರಿಕದ ತಜ್ಞರು ರೂಪಿಸಿದ ಮಾರ್ಗಸೂಚಿ, ಸಾಧ್ಯವಾದವರಿಗೆಲ್ಲ ಮೊದಲು ಫಿಸ್ಟುಲಾ ಎಂದಿತು. 2019ರಲ್ಲಿ ಅದನ್ನು ಸಡಿಲಿಸಿ, ಆಯಾ ರೋಗಿಯ ವಯಸ್ಸು, ಬದುಕು ನೋಡಿ ನಿರ್ಧರಿಸಿ ಎಂದರು. ಈ ತಿದ್ದುಪಡಿ ತಡವಾಗಿ ಬಂತು.

ನಮ್ಮಲ್ಲಿ 2016ರಲ್ಲಿ ಶುರುವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದ ನಂತರ ಯಂತ್ರಗಳು ಜಿಲ್ಲಾ ಆಸ್ಪತ್ರೆಗಳಿಗೆ ಬಂದಿವೆ. ಕರ್ನಾಟಕದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇವೆ. ಆದರೆ ಫಿಸ್ಟುಲಾ ಹೊಲಿಯುವ ಶಸ್ತ್ರವೈದ್ಯ ಎಲ್ಲ ಕಡೆ ಇಲ್ಲ, ಬಲೂನು ಹಾಕುವ ಕ್ಯಾತ್‌ಲ್ಯಾಬ್‌ಗೆ ದೊಡ್ಡ ಊರಿಗೇ ಹೋಗಬೇಕು. ಕಾಯಿಲೆ ತಡವಾಗಿ ಗೊತ್ತಾಗಿ, ಕುತ್ತಿಗೆಗೆ ಪೈಪು ಹಾಕಿಸಿಕೊಂಡೇ ಡಯಾಲಿಸಿಸ್ ಶುರು ಮಾಡುವವರು ಬಹಳ. ಯಂತ್ರ ಕೊಟ್ಟ ಸರಕಾರ ದಾರಿಯನ್ನೂ ಕೊಡಬೇಕು. ಕಾಂಪೆನ್‌ನಲ್ಲಿ 1943ರಲ್ಲೇ ತಿಳಿದ ಪಾಠ ಅದು.

ಅಲ್ಲಿಯವರೆಗೆ ಮನೆಯಲ್ಲಿ ಡಯಾಲಿಸಿಸ್ ರೋಗಿಯಿರುವವರು ಇಷ್ಟು ನೆನಪಿಡಿ. ದಿನಾ ಬೆಳಿಗ್ಗೆ ಫಿಸ್ಟುಲಾದ ಮೇಲೆ ಬೆರಳಿಡಿ. ಹಂಟರ್ ಬಣ್ಣಿಸಿದ ಆ ಕಂಪನ ಇರಬೇಕು. ಕಂಪನ ಹೋಗಿ ಬರೀ ಗಟ್ಟಿ ಬಡಿತ ಸಿಕ್ಕರೆ, ಕೈ ಮೇಲೆತ್ತಿದರೂ ನಾಳ ಕುಗ್ಗದಿದ್ದರೆ, ಸೂಜಿ ತೆಗೆದ ಮೇಲೆ ರಕ್ತ ಬೇಗ ನಿಲ್ಲದಿದ್ದರೆ, ಕೈ ಊದಿಕೊಂಡರೆ ಮುಂದಿನ ಡಯಾಲಿಸಿಸ್ ದಿನದವರೆಗೆ ಕಾಯದೆ ಘಟಕದವರಿಗೆ ತಿಳಿಸಿ. ಕಂಪನ ಪೂರ್ತಿ ನಿಂತಿದ್ದರೆ ಅದೇ ದಿನ ಆಸ್ಪತ್ರೆ ಸೇರಿ. ಒಂದೆರಡು ದಿನ ಕಳೆದರೆ ಉಳಿಸಿಕೊಳ್ಳುವ ಅವಕಾಶ ತೀರಾ ಕಡಿಮೆಯಾಗುತ್ತದೆ. ಆ ಕೈಗೆ ಬಿಗಿ ಬಳೆ, ವಾಚು, ರಕ್ತದೊತ್ತಡದ ಪಟ್ಟಿ ಬೇಡ. ಕಿಡ್ನಿ ಕುಗ್ಗುತ್ತಿದೆ, ಆದರೆ ಇನ್ನೂ ಡಯಾಲಿಸಿಸ್ ಬೇಕಿಲ್ಲ ಎನ್ನುವವರು ಯಾವ ಆಸ್ಪತ್ರೆಗೆ ಹೋದರೂ ಗ್ಲೂಕೋಸ್ ಹಾಕಲು, ರಕ್ತ ತೆಗೆಯಲು ಮುಂಗೈಯ ನಾಳ ಮುಟ್ಟಬೇಡಿ, ಅಂಗೈ ಹಿಂಭಾಗದಲ್ಲಿ ಚುಚ್ಚಿ ಎಂದು ನರ್ಸಿಗೆ ಹೇಳಿ.